ಈ ವೀಲ್ ಕ್ಯಾಪ್ ಒರಿಜಿನಲ್ಲಾ, ಡೂಪ್ಲಿಕೇಟಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಲ ಹಳೇ ಕಾರುಗಳ ಹೆಡ್‌ಲೈಟ್ ಬಗ್ಗೆ ಬರೆದಿದ್ದೆ, ಅದಕ್ಕೆ ಬಂದ ಪತ್ರಗಳಲ್ಲಿ ಹೆಡ್‌ಲೈಟ್ ಬಗ್ಗೆ ಇದ್ದಿದ್ದು ಎರಡೋ ಮೂರೋ, ಮಿಕ್ಕಿದ್ದೆಲ್ಲಾ ವೀಲ್ ಕ್ಯಾಪ್ ಬಗ್ಗೆನೇ. ಸರಿ, ಈ ಸಲ ಅದೇ ಆಗ್ಲಿ, ಚಕ್ರದ ನಡುವೆ ಕೂರೋ ಲೋಹದ ಮುಚ್ಚಳದ ಕಥೆ. ಹಬ್ ಕ್ಯಾಪ್ ಅಂತ ಕೆಲವರು ಬರೆದಿದೀರ, ವೀಲ್ ಕ್ಯಾಪ್ ಅಂತ ಕೆಲವರು, ಗ್ಯಾರೇಜಲ್ಲಿ ಎರಡೂ ನಡೆಯತ್ತೆ, ನಾನೂ ಎರಡನ್ನೂ ಕಲಸಿಯೇ ಬಳಸ್ತೀನಿ.

ಪ್ರಶ್ನೆ: ನಮ್ಮಲ್ಲಿ 1962ರ ಫೋಕ್ಸ್‌ವ್ಯಾಗನ್ ಬೀಟಲ್ ಇದೆ, ಕ್ಯಾಪ್ ಒಂದೂ ಇಲ್ಲ. ಒಬ್ಬರು ನಾಲ್ಕು ಕ್ಯಾಪ್ ಇದೆ, ಪಕ್ಕಾ ಜರ್ಮನ್ ಒರಿಜಿನಲ್, ಸೆಟ್ಟಿಗೆ 18 ಸಾವಿರ ಅಂತಿದಾರೆ. ಫೋಟೋದಲ್ಲಿ ಎರಡು ಉಬ್ಬಿದ ಹಾಗಿವೆ, ಎರಡು ಚಪ್ಪಟೆ ಇವೆ. ಎರಡೂ ಒರಿಜಿನಲ್ಲೇ, ಬೇರೆ ಬೇರೆ ವರ್ಷದ್ದು ಅಷ್ಟೇ ಅಂತಾರೆ. ತಗೋಬಹುದಾ? (ಶಿವಮೊಗ್ಗದ ಓದುಗರು)

ಉತ್ತರ: ಅವರು ಹೇಳಿದ್ದು ಸುಳ್ಳಲ್ಲದೇ ಇರಬಹುದು ಸಾರ್, ಆದ್ರೂ ನಿಮಗೆ ಅದು ಬೇಡ. ಒರಿಜಿನಲ್ಲಾ ಅಂತ ಕೇಳೋಕೆ ಮುಂಚೆ ಇದು ನನ್ನ ಕಾರಿಂದಾ ಅಂತ ಕೇಳ್ಬೇಕು, ಈ ಎರಡನೇ ಪ್ರಶ್ನೆನ ಯಾರೂ ಕೇಳಲ್ಲ ನೋಡಿ, ಅಲ್ಲೇ ದುಡ್ಡು ಹೋಗೋದು. ಬೀಟಲ್‌ಗೆ ಬಟ್ಟಲು ಬೋರಲು ಹಾಕಿದ ಹಾಗಿರೋ ಉಬ್ಬು ಕ್ಯಾಪ್ ಬರ್ತಿದ್ದಿದ್ದು 1965ರ ಮಧ್ಯದವರೆಗೆ. ಆಗಸ್ಟ್ 1965ರಿಂದ, ಅಂದ್ರೆ 1966ರ ಮಾಡೆಲ್ ಅಂತ ಏನು ಕರೀತಾರೋ ಅಲ್ಲಿಂದ, ವೀಲ್‌ಗೆ ಸುತ್ತ ಗಾಳಿ ಕಿಂಡಿ ಬಂತು, ಕ್ಯಾಪ್ ಚಪ್ಪಟೆ ಆಯ್ತು. ಆಮೇಲೆ 5 ಬೋಲ್ಟಿನ ವೀಲ್ ಹೋಗಿ 4 ಬೋಲ್ಟಿನದು ಬಂದಾಗ ಚಪ್ಪಟೆ ಕ್ಯಾಪಿನ ಅಳತೆನೂ ಬದಲಾಯ್ತು. ನಿಮ್ಮದು 1962, ಅಂದ್ರೆ 5 ಬೋಲ್ಟು, ಕಿಂಡಿ ಇಲ್ಲದ ವೀಲು, ಉಬ್ಬು ಕ್ಯಾಪು. ಆ ಚಪ್ಪಟೆ ಎರಡು ಫ್ಯಾಕ್ಟರಿಯಿಂದ ನಿನ್ನೆ ಬಂದಿದ್ರೂ ನಿಮ್ಮ ಕಾರಿಗೆ ಅದು ಪಕ್ಕದ ಮನೆ ಚಪ್ಪಲಿ.

ಮೊದಲು ನಿಮ್ಮ ವೀಲನ್ನೂ ಒಂದ್ಸಲ ನೋಡ್ಕೊಳಿ, 60 ವರ್ಷದಲ್ಲಿ ಯಾರಾದ್ರೂ ವೀಲೇ ಬದಲಾಯಿಸಿದ್ರೆ ನನ್ನ ಲೆಕ್ಕ ಎಲ್ಲಾ ತಲೆಕೆಳಗು.

ಈಗ ಆ ಉಬ್ಬು ಎರಡರ ಮಾತು. ಫೋಟೋ ನೋಡಿ ಹೇಳಿ ಅಂತ ಕಳ್ಸಿದೀರ, ಆದ್ರೆ ನೀವು ಕಳ್ಸಿರೋದು ಬರೀ ಮುಖದ ಫೋಟೋ. ಕ್ಯಾಪಿನ ಮುಖಕ್ಕೆ ಯಾರು ಬೇಕಾದ್ರೂ ಮೇಕಪ್ ಮಾಡಬಹುದು, ಹಿಂಭಾಗಕ್ಕೆ ಯಾರೂ ಅಷ್ಟು ಖರ್ಚು ಮಾಡಲ್ಲ. ಹಿಂದುಗಡೆ ಫೋಟೋ ಕೇಳಿ, ಅಂಚಿನ ಹತ್ತಿರದ್ದು ಕೇಳಿ, ಕೊಡಲ್ಲ ಅಂದ್ರೆ ಅಲ್ಲಿಗೇ ಬಿಡಿ.

ಹಿಂದೆ ಏನು ನೋಡ್ಬೇಕು ಅಂದ್ರೆ, ಒಂದು, ಕ್ಲಿಪ್ಪಿನ ಗೀರು. ಬೀಟಲ್‌ನಲ್ಲಿ ಕ್ಲಿಪ್ ಇರೋದು ವೀಲ್‌ಗೆ, ಕ್ಯಾಪಿನ ಒಳ ಅಂಚು ಅದರ ಮೇಲೆ ಕಚ್ಕೊಂಡು ಕೂರತ್ತೆ, ಪಂಕ್ಚರ್ ಆದಾಗೆಲ್ಲಾ ಕಿತ್ತು ಹಾಕಿ ಮಾಡಿರ್ತಾರೆ, ಹಾಗಾಗಿ ನಿಜವಾಗ್ಲೂ ಓಡಿದ ಕ್ಯಾಪಾದ್ರೆ ಒಳ ಅಂಚಲ್ಲಿ ಕ್ಲಿಪ್ ಕೂರೋ ಜಾಗದಲ್ಲಿ ಗೀರು ಇದ್ದೇ ಇರತ್ತೆ, ಹೊರಗಡೆ ಅಂಚಲ್ಲಿ ಯಾರೋ ಪುಣ್ಯಾತ್ಮ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದ ತಗ್ಗೂ ಒಂದೆರಡು ಇರತ್ತೆ. 50 ವರ್ಷ ಓಡಿದೆ ಅಂತಾರೆ, ಒಳಗೆ ಒಂದು ಗೀರಿಲ್ಲ ಅಂದ್ರೆ ನಂಬೋದು ಹೇಗೆ? ಎರಡನೇದು ತುಕ್ಕು ಎಲ್ಲಿದೆ ಅನ್ನೋದು. ಸಹಜವಾಗಿ ಬಂದ ತುಕ್ಕು ಮಡಿಚಿದ ಅಂಚಿನ ಒಳಗೆ, ಕೆಸರು ನಿಂತ ಕಡೆ, ಕಲ್ಲು ಹೊಡೆದು ಪ್ಲೇಟಿಂಗ್ ಎದ್ದಿರೋ ಚುಕ್ಕೆಯಲ್ಲಿ ಶುರುವಾಗತ್ತೆ. ಉಪ್ಪು ನೀರು, ಆಸಿಡ್ ಹಚ್ಚಿ ಹಳೇದು ಮಾಡಿದ್ರೆ ಇಡೀ ಹಿಂಭಾಗ ಒಂದೇ ಸಮ ಕಂದು ಬಣ್ಣ, ದೋಸೆ ಸುಟ್ಟ ಹಾಗೆ. ಮೂರು, ಪ್ಲೇಟಿಂಗ್, ಅಂದ್ರೆ ಕರೆಂಟು ಹರಿಸಿ ಕೂರಿಸಿದ ಲೋಹದ ಪದರ. ಹಿಂದೆ ಗುಳಿ ಇರೋ ಕಡೆ ಕರೆಂಟು ಸರಿಯಾಗಿ ತಲುಪಲ್ಲ, ಅಲ್ಲಿ ಪದರ ತೆಳುವಾಗಿ ಮಂಕಾಗಿ ಕೂರತ್ತೆ, ಫಳಫಳ ಅನ್ನಲ್ಲ. ಹಿಂದೆನೂ ಮುಂದೆನೂ ಒಂದೇ ಕನ್ನಡಿ ಹೊಳಪು ಇದ್ರೆ ಅದು ಕ್ರೋಮ್ ಅಲ್ಲದೆ ಸ್ಟೇನ್‌ಲೆಸ್ ತಗಡು ಇರಬಹುದು, ಆಗ ಅದು ಇತ್ತೀಚಿನ ರೀಪ್ರೊಡಕ್ಷನ್, ಅಂದ್ರೆ ಹಳೇದನ್ನ ನೋಡಿ ಹೊಸದಾಗಿ ಮಾಡಿದ ಮಾಲು, ಅನ್ನೋ ಅನುಮಾನ ಇಟ್ಕೊಳಿ.

ಇನ್ನು ಮುಂದಿನ ವಿ, ಡಬ್ಲ್ಯೂ ಗುರುತು. ಒರಿಜಿನಲ್‌ನಲ್ಲಿ ಕಂಪನಿಯ ಅಚ್ಚಲ್ಲಿ ಒತ್ತಿದ ಅಕ್ಷರದ ಮೂಲೆ ಚೂಪಾಗಿರತ್ತೆ, ಬೆರಳು ಓಡಿಸಿದ್ರೆ ಗೊತ್ತಾಗತ್ತೆ. ರೀಪ್ರೊಡಕ್ಷನ್ ಮಾಡೋರು ಎಷ್ಟೋ ಸಲ ಒಂದು ಸವೆದ ಕ್ಯಾಪನ್ನೇ ನೋಡಿ ಅಚ್ಚು ಮಾಡ್ತಾರೆ, ಅಲ್ಲಿಗೆ ಸವೆದಿದ್ದೂ ಕಾಪಿ ಆಗತ್ತೆ, ಮೂಲೆ ಎಲ್ಲಾ ಸೋಪಿನ ಹಾಗೆ ದುಂಡಗೆ. ಆದ್ರೆ ಇಲ್ಲೊಂದು ತೊಡಕಿದೆ, ಒರಿಜಿನಲ್ ಕ್ಯಾಪನ್ನೇ ಬಫ್ ಹೊಡೆದು, ಅಂದ್ರೆ ಮೆಷಿನ್ನಲ್ಲಿ ಉಜ್ಜಿ ನುಣ್ಣಗೆ ಮಾಡಿ, ಮತ್ತೆ ಕ್ರೋಮ್ ಮಾಡಿಸಿದ್ರೂ ಮೂಲೆ ದುಂಡಗಾಗತ್ತೆ. ಹಾಗಾಗಿ ಇದೊಂದನ್ನೇ ನಂಬ್ಕೊಂಡು ತೀರ್ಮಾನ ಬೇಡ. ಅಡುಗೆಮನೆ ಡಿಜಿಟಲ್ ತಕ್ಕಡಿ ಇದ್ಯಲ್ಲ, ಗೊತ್ತಿರೋ ಒಂದು ಒರಿಜಿನಲ್ ಪಕ್ಕ ಇಟ್ಟು ತೂಗಿ ನೋಡಿ, ತೆಳು ತಗಡಿನ ಮಾಲು ಅಲ್ಲೇ ಸಿಕ್ಕಿಬೀಳತ್ತೆ.

ಪೆಟ್ಟಿಗೆ ಸಮೇತ ಕೊಡ್ತೀವಿ ಅಂತಲೂ ಮಾರೋರು ಬರೆದಿದಾರಂತೆ. ಫೋಕ್ಸ್‌ವ್ಯಾಗನ್ ಪಾರ್ಟ್ ನಂಬರಲ್ಲಿ ಮೊದಲ ಮೂರು ಅಂಕಿ ಮಾಡೆಲ್ ಹೇಳತ್ತೆ, ಮಧ್ಯದ ಮೂರು ಅದು ಯಾವ ಭಾಗ ಅಂತ ಹೇಳತ್ತೆ, ವೀಲ್ ಸಾಮಾನಾದ್ರೆ 601. ಮಧ್ಯೆ 601 ಇಲ್ಲದ ಪೆಟ್ಟಿಗೆ ಅಂದ್ರೆ ಅದು ಬೇರೆ ಯಾವುದರದೋ ಖಾಲಿ ಪೆಟ್ಟಿಗೆ. ಇದ್ರೂ ಲೇಬಲ್ ಪ್ರಿಂಟ್ ಮಾಡೋದು ಏನು ದೊಡ್ಡ ಕೆಲಸ. ಇನ್ನೊಂದು, ಬೀಟಲ್ ಬ್ರೆಜಿಲ್‌ನಲ್ಲೂ ತಯಾರಾಗ್ತಿತ್ತು, ಮೆಕ್ಸಿಕೋದ ಪ್ಯೂಬ್ಲಾದಲ್ಲಿ ಅಂತೂ ಜುಲೈ 2003ರ ತನಕ ತಯಾರಾಯ್ತು. ಅಲ್ಲಿಂದ ಬಂದ ಕ್ಯಾಪ್ ಕಂಪನಿ ಮಾಲೇ, ಡೂಪ್ಲಿಕೇಟ್ ಅನ್ನೋ ಹಾಗಿಲ್ಲ, ಆದ್ರೆ 1962ರ ಜರ್ಮನ್ ಕಾರಿನ ಒರಿಜಿನಲ್ ಅಂತ ಅನ್ನೋ ಹಾಗೂ ಇಲ್ಲ.

ನಾನೂ ಒಂದ್ಸಲ ಸರಿಯಾಗಿ ಟೋಪಿ ಹಾಕಿಸ್ಕೊಂಡಿದೀನಿ, ಹೇಳ್ಬಿಡ್ತೀನಿ. ಸಂಜೆ ಹೊತ್ತು, ಅಂಗಡಿ ಟ್ಯೂಬ್‌ಲೈಟ್ ಬೆಳಕು, ನಾಲ್ಕು ಕ್ಯಾಪ್ ಪೇಪರ್ ಸುತ್ತಿ ಕೊಟ್ರು, ಮನೆಗೆ ಬಂದು ಬೆಳಿಗ್ಗೆ ಬಿಸಿಲಲ್ಲಿ ಜೋಡಿಸಿಟ್ರೆ ನಾಲ್ಕರ ಮೇಲೂ ಒಂದೇ ಜಾಗದಲ್ಲಿ ಒಂದೇ ತರ ಪುಟ್ಟ ತಗ್ಗು! ಅಚ್ಚಲ್ಲೇ ಇದ್ದ ತಗ್ಗು ಅದು. ಯಾರ ಹತ್ರನೂ ಹೇಳ್ಕೊಳೋಕೆ ಆಗ್ಲಿಲ್ಲ. ಅದಕ್ಕೇ ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿ, ಹಗಲಲ್ಲಿ ನೋಡಿ. ನಾಲ್ಕು ಕ್ಯಾಪ್ ನಾಲ್ಕು ತರ ಸವೆದಿರತ್ತೆ, ಫುಟ್‌ಪಾತ್ ಕಡೆ ಇದ್ದಿದ್ದಕ್ಕೆ ಏಟು ಜಾಸ್ತಿ.

ನಿಮ್ಮ ಪ್ರಶ್ನೆಗೆ ನೇರ ಉತ್ತರ, ಚಪ್ಪಟೆ ಎರಡು ಬೇಡ ಅನ್ನಿ, ಉಬ್ಬು ಎರಡನ್ನ ಕೈಯಲ್ಲಿ ಹಿಡಿದು ನೋಡದೆ ಒಂದು ಪೈಸೆ ಅಡ್ವಾನ್ಸ್ ಕೊಡ್ಬೇಡಿ. ಮಿಕ್ಕಿದ್ದಕ್ಕೆ ಸದ್ಯಕ್ಕೆ ರೀಪ್ರೊಡಕ್ಷನ್ ಹಾಕ್ಕೊಂಡು ಓಡಿಸಿ, ಅದರಲ್ಲಿ ನಾಚಿಕೆ ಏನೂ ಇಲ್ಲ, ರೀಪ್ರೊಡಕ್ಷನ್ ರೇಟಲ್ಲಿ ಸಿಕ್ರೆ.

ಪ್ರಶ್ನೆ: ತಾತನ ಕಾಲದ 1952ರ ಶೆವ್ರೊಲೆ ತೋಟದ ಮನೇಲಿದೆ. ಮೊದಲಿಂದಲೂ ಇರೋ ಕ್ಯಾಪ್‌ಗಳು ಅಂತ ಅಪ್ಪ ಹೇಳ್ತಾರೆ. ಆದ್ರೆ ಕ್ರೋಮ್ ಎಲ್ಲಾ ಎದ್ದು ತಾಮ್ರದ ಬಣ್ಣ ಕಾಣ್ತಿದೆ. ಪ್ಲೇಟಿಂಗ್ ಅಂಗಡಿಯವರು ಅಮೆರಿಕನ್ ಮಾಲು ಹೀಗೆ ಹಾಳಾಗಲ್ಲ, ಇದು ಲೋಕಲ್ ಡೂಪ್ಲಿಕೇಟ್, ಬಿಸಾಕಿ ಅಂದ್ರು. (ಚಿಕ್ಕಮಗಳೂರಿನ ಓದುಗರು)

ಉತ್ತರ: ಬಿಸಾಕಿಲ್ಲ ತಾನೇ? ದಯವಿಟ್ಟು ಬಿಸಾಕ್ಬೇಡಿ. ಆ ಕೆಟ್ಟ ಕ್ರೋಮೇ ನಿಮ್ಮ ಅಪ್ಪನ ಪರವಾಗಿ ಸಾಕ್ಷಿ ಹೇಳ್ತಿದೆ. ಒಳ್ಳೇ ಕ್ರೋಮ್ ಅಂದ್ರೆ ನಿಜವಾಗಿ ಹೊಳಪು ಕೊಡೋದು, ತುಕ್ಕು ತಡೆಯೋದು ಅದರ ಕೆಳಗಿರೋ ನಿಕ್ಕಲ್ ಪದರ, ಮೇಲಿನ ಕ್ರೋಮಿಯಂ ಒಂದು ಮೈಕ್ರಾನ್ ಕೂಡ ಇರಲ್ಲ. ಕೊರಿಯಾ ಯುದ್ಧದ ಟೈಮಲ್ಲಿ ಅಮೆರಿಕ ಸರ್ಕಾರ ನಿಕ್ಕಲನ್ನ ಯುದ್ಧದ ಸಾಮಾನಿಗೆ ಅಂತ ಹಿಡಿದಿಟ್ಕೊಂತು, ಕಾರು ಕಂಪನಿಗಳಿಗೆ ಸಿಗೋದೇ ಕಷ್ಟ ಆಯ್ತು. ಅದಕ್ಕೇ 1951ರಿಂದ 1953ರ ಸುಮಾರಿನ ಅಮೆರಿಕನ್ ಕಾರುಗಳ ಎಷ್ಟೋ ಭಾಗಗಳಲ್ಲಿ ತಾಮ್ರದ ಮೇಲೆ ನೇರವಾಗಿ ತೆಳ್ಳಗೆ ಕ್ರೋಮ್ ಹಾಕಿ ಮೇಲೊಂದು ಲ್ಯಾಕರ್ (ಬಣ್ಣವಿಲ್ಲದ ವಾರ್ನಿಷ್) ಹೊಡೆದು ಕಳಿಸ್ಬಿಟ್ರು. ಲ್ಯಾಕರ್ ಹೋದ ಮೇಲೆ ಆಗೋದು ನಿಮ್ಮ ಕ್ಯಾಪಿಗೆ ಆಗಿರೋದೇ.

ಜನರಲ್ ಮೋಟಾರ್ಸ್‌ನವರು 1928ರಿಂದ ಬಾಂಬೆಯ ಶಿವ್ಡಿಯಲ್ಲಿ ಶೆವ್ರೊಲೆ ಜೋಡಿಸ್ತಿದ್ರು, 1954ಕ್ಕೆ ಬಾಗಿಲು ಹಾಕಿದ್ರು. ನಿಮ್ಮದು ಅಲ್ಲಿ ಜೋಡಿಸಿದ್ದಾಗಿದ್ರೂ ಸಾಮಾನು ಪೆಟ್ಟಿಗೆಯಲ್ಲಿ ಹೊರಗಿಂದಲೇ ಬರ್ತಿದ್ದ ಕಾಲ ಅದು. ವಿಚಿತ್ರ ನೋಡಿ, ಇಲ್ಲಿ ಹೊಳೀತಿರೋದನ್ನ ಅನುಮಾನಿಸ್ಬೇಕು, ಕಿತ್ತೋಗಿರೋದನ್ನ ನಂಬ್ಬೇಕು. ಮತ್ತೆ ಪ್ಲೇಟಿಂಗ್ ಮಾಡಿಸೋದಾದ್ರೆ ತಾಮ್ರ, ನಿಕ್ಕಲ್, ಕ್ರೋಮ್ ಮೂರೂ ಪದರ ಹಾಕಿಸಿ, ಅಕ್ಷರ ಇರೋ ಜಾಗದಲ್ಲಿ ಬಫ್ ಜಾಸ್ತಿ ಹೊಡೀಬೇಡಿ ಅಂತ ಪಕ್ಕದಲ್ಲೇ ನಿಂತು ಹೇಳಿ. ಒಂದನ್ನ ಮಾತ್ರ ಹಾಗೇ ಮುಟ್ಟದೆ ಇಡಿ ಅನ್ನೋದು ನನ್ನ ಆಸೆ, ಸಾಕ್ಷಿಗೆ.

ಪ್ರಶ್ನೆ: ಮ್ಯಾಗ್ನೆಟ್ ಅಂಟಿದ್ರೆ ಡೂಪ್ಲಿಕೇಟ್, ಅಂಟದಿದ್ರೆ ಒರಿಜಿನಲ್ ಅಂತ ವಿಡಿಯೋದಲ್ಲಿ ನೋಡಿದೆ, ನಿಜವಾ? (ಮಂಡ್ಯ)

ಉತ್ತರ: ಇಲ್ಲ. ಮ್ಯಾಗ್ನೆಟ್ ಹೇಳೋದು ಒಳಗಿನ ಲೋಹ ಏನು ಅಂತ, ವಯಸ್ಸು ಹೇಳಲ್ಲ. ಹಿತ್ತಾಳೆ, ಅಲ್ಯೂಮಿನಿಯಂ ಅಂಟಲ್ಲ, ಸಾದಾ ಉಕ್ಕು ಗಟ್ಟಿ ಅಂಟತ್ತೆ, ಸ್ಟೇನ್‌ಲೆಸ್‌ನಲ್ಲಿ ಅಂಟೋದೂ ಇದೆ, ಅಂಟದ್ದೂ ಇದೆ. ನಿಮ್ಮ ಕಾರಿಗೆ ಕಂಪನಿ ಯಾವ ಲೋಹದ ಕ್ಯಾಪ್ ಕೊಟ್ಟಿತ್ತು ಅಂತ ಗೊತ್ತಿದ್ರೆ ಮಾತ್ರ ಈ ಪರೀಕ್ಷೆಗೆ ಅರ್ಥ. ಅದಕ್ಕಿಂತ ಕಣ್ಣಿಗೆ ಕೆಲಸ ಕೊಡಿ. 1920ರ ದಶಕದ ಕೊನೆಗೆ ಕಾರುಗಳಿಗೆ ಕ್ರೋಮ್ ಬಂದಿದ್ದು, ಅದಕ್ಕೂ ಮುಂಚೆ ನಿಕ್ಕಲ್. ನಿಕ್ಕಲ್ ಹೊಳಪಲ್ಲಿ ಸ್ವಲ್ಪ ಹಳದಿ ಛಾಯೆ, ಕ್ರೋಮ್‌ದು ನೀಲಿ ಛಾಯೆ, ಬೆಳ್ಳಿ ಲೋಟ ಸ್ಟೀಲ್ ಲೋಟ ಪಕ್ಕ ಪಕ್ಕ ಇಟ್ಟ ಹಾಗೆ. 1924ರ ಕಾರು ಅಂತ ಹೇಳಿ ನೀಲಿ ಹೊಳಪಿನ ಕ್ಯಾಪ್ ತೋರಿಸಿದ್ರೆ ಒಂದೋ ಆಮೇಲೆ ಪ್ಲೇಟಿಂಗ್ ಆಗಿದೆ, ಇಲ್ಲಾ ಆಮೇಲೆ ತಯಾರಾಗಿದೆ.

ಪ್ರಶ್ನೆ: ರೀಪ್ರೊಡಕ್ಷನ್ ವೀಲ್ ಕ್ಯಾಪ್ ಹಾಕಿದ್ರೆ ವಿಂಟೇಜ್ ರಿಜಿಸ್ಟ್ರೇಷನ್ ಸಿಗಲ್ವಾ? ವಿಂಟೇಜ್ ಗಾಡಿಗೆ ಕೊಡೋ ವಿಎ ನಂಬರ್ ಪ್ಲೇಟ್ ಮಾಡಿಸ್ಬೇಕು ಅಂತಿದೀನಿ. (ತುಮಕೂರು)

ಉತ್ತರ: 2021ರಲ್ಲಿ ಬಂದ ಕೇಂದ್ರದ ನಿಯಮದಲ್ಲಿ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲಿರಬೇಕು, ದೊಡ್ಡ ಬದಲಾವಣೆ ಅಂತ ಅದು ಹೆಸರು ಹಿಡಿದು ಹೇಳೋದು ಚಾಸಿ, ಬಾಡಿ ಶೆಲ್, ಎಂಜಿನ್. ವೀಲ್ ಕ್ಯಾಪಿನ ಹೆಸರೇ ಇಲ್ಲ, ಆರಾಮಾಗಿರಿ. ಕಾರ್ ರ್‍ಯಾಲಿಯ ಜಡ್ಜುಗಳ ಕಥೆ ಬೇರೆ, ಅವರು ಬಗ್ಗಿ ನೋಡ್ತಾರೆ.

ಪ್ರಶ್ನೆ: ಕ್ಯಾಪಿನ ತುಕ್ಕು ತೆಗೆಯೋಕೆ ಟಾಯ್ಲೆಟ್ ತೊಳೆಯೋ ಆಸಿಡ್ ಹಾಕಬಹುದಾ? (ಹೆಸರು ಬೇಡ ಅಂದಿದಾರೆ)

ಉತ್ತರ: ಅಯ್ಯೋ ಬೇಡ್ರೀ! ಅದರಲ್ಲಿರೋ ಹೈಡ್ರೋಕ್ಲೋರಿಕ್ ಆಸಿಡ್ ಕ್ರೋಮನ್ನೇ ಕರಗಿಸತ್ತೆ, ತುಕ್ಕಿನ ಜೊತೆ ಹೊಳಪೂ ಹೋಗತ್ತೆ. ಅಡುಗೆಮನೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ, ಮೆತ್ತಗೆ ಉಜ್ಜಿ, ಒರೆಸಿ, ವ್ಯಾಕ್ಸ್ ಹಚ್ಚಿ. ಕೊಳ್ಳೋಕೆ ಮುಂಚೆ ಪರೀಕ್ಷೆಗೆ ಅಂತ ಮಾತ್ರ ಉಜ್ಜಬೇಡಿ, ಮಾಲು ಇನ್ನೂ ಅವರದ್ದು.

ಪ್ರಶ್ನೆ: 1958ರ ಎಂಜಿಎ ಸ್ಪೋರ್ಟ್ಸ್ ಕಾರು, ತಂತಿ ವೀಲು, ಕ್ಯಾಪ್ ಬದಲು ವೀಲನ್ನ ಬಿಗಿ ಹಿಡಿಯೋ ಎರಡು ಕಿವಿಯ ದೊಡ್ಡ ನಟ್ಟು, ಸ್ಪಿನ್ನರ್, ಇದೆ. ಒಂದು ಹೊಸದು ತಂದೆ, ಬಲಗಡೆ ಕೂರ್ತಾನೇ ಇಲ್ಲ. ಡೂಪ್ಲಿಕೇಟ್ ಇರಬಹುದಾ? (ಬೆಂಗಳೂರು)

ಉತ್ತರ: ಡೂಪ್ಲಿಕೇಟ್ ಅಂತ ಈಗಲೇ ಬೈಬೇಡಿ, ನೀವು ಎಡಗಡೆದು ತಂದಿರ್ತೀರ. ಎಡಗಡೆ ವೀಲಿಗೆ ಮಾಮೂಲಿ ಥ್ರೆಡ್, ಬಲಗಡೆಗೆ ಉಲ್ಟಾ ಥ್ರೆಡ್, ಬಿಚ್ಚೋ ದಿಕ್ಕಿಗೆ ಬಾಣದ ಗುರುತು ಸ್ಪಿನ್ನರ್ ಮೇಲೇ ಇರತ್ತೆ. ಬಿಚ್ಚುವಾಗ ಮೇಲಿನ ಕಿವಿ ಕಾರಿನ ಮುಂದಕ್ಕೆ ಹೋಗ್ಬೇಕು, ಎರಡೂ ಕಡೆ. ಬಲವಂತವಾಗಿ ತಿರುಗಿಸಿ ಹಬ್ಬಿನ ಥ್ರೆಡ್ ಕೆಡಿಸ್ಕೋಬೇಡಿ, ಅದು ಸ್ಪಿನ್ನರ್‌ಗಿಂತ ದುಬಾರಿ. ಹಳೇದಾ ಹೊಸದಾ ಅನ್ನೋದಕ್ಕೆ ಕಿವಿ ನೋಡಿ, ತಾಮ್ರದ ಸುತ್ತಿಗೇಲಿ ಹೊಡೆದು ಹೊಡೆದು ಬಿಗಿ ಮಾಡಿರ್ತಾರೆ, ಏಟು ತಿಂದು ಕಿವಿ ತುದಿ ಚಪ್ಪಟೆ ಆಗಿರತ್ತೆ. ಕಿವಿ ನುಣ್ಣಗಿದೆ, ಆದ್ರೂ 1958ರಿಂದ ಓಡಿದ್ದು ಅಂತ ಮಾರಿದ್ರೆ, ಬಿಲ್ ಹಿಡ್ಕೊಂಡು ವಾಪಸ್ ಹೋಗಿ. ಹೋಗುವಾಗ ಬಲಗಡೆದು ಕೊಡಿ ಅಂತ ಬಾಯಿಬಿಟ್ಟು ಕೇಳಿ.