ಮನೆಯಲ್ಲಿ ಮಾಡಿದ ಬಿಯರ್ ಸಿಹಿಯಾಗಿಯೇ ನಿಂತಿದೆ, ಏನು ಮಾಡಲಿ?

ಪ್ರಶ್ನೆ: ನಾನಿರುವುದು ಮ್ಯಾಂಚೆಸ್ಟರ್‌ನಲ್ಲಿ. ಮಾಲ್ಟನ್ನು (ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ) ಬಿಸಿನೀರಲ್ಲಿ ನೆನೆಸಿ 20 ಲೀಟರ್ ಇಂಗ್ಲಿಷ್ ಬಿಟರ್ ಬಿಯರ್ ಹಾಕಿದ್ದೆ. ಶುರುವಿನಲ್ಲಿ ಹೈಡ್ರೋಮೀಟರ್ (ಸಕ್ಕರೆ ಎಷ್ಟಿದೆಯೆಂದು ತೇಲಿ ತೋರಿಸುವ ಕೊಳವೆ, ಬರೀ ನೀರಿಗೆ 1.000) 1.050 ತೋರಿಸಿತ್ತು. ಎರಡು ವಾರವಾಯಿತು, 1.024ಕ್ಕೆ ಬಂದು ನಿಂತುಬಿಟ್ಟಿದೆ. ರುಚಿ ನೋಡಿದರೆ ಬೆಲ್ಲದ ನೀರಿನ ಹಾಗಿದೆ. ಬಕೆಟ್ ಗ್ಯಾರೇಜಿನಲ್ಲಿದೆ. ಇನ್ನೊಂದು ಪ್ಯಾಕೆಟ್ ಯೀಸ್ಟ್ ಸುರಿಯಲೇ? ಇಲ್ಲ, ಹೀಗೇ ಬಾಟಲಿಗೆ ತುಂಬಿಬಿಡಲೇ?

ಉತ್ತರ: ದಯವಿಟ್ಟು ಈಗಲೇ ಬಾಟಲಿಗೆ ತುಂಬಬೇಡಿ. ಉಳಿದಿರುವ ಸಕ್ಕರೆ ಮುಚ್ಚಿದ ಬಾಟಲಿಯೊಳಗೆ ಮತ್ತೆ ಹುದುಗಲು ಶುರುವಾದರೆ ಗ್ಯಾಸ್ ಹೋಗಲು ದಾರಿಯಿರುವುದಿಲ್ಲ. ಗಾಜು ಸಿಡಿದು ಕೈಗೆ, ಕಣ್ಣಿಗೆ ಪೆಟ್ಟಾಗುತ್ತದೆ. ಬಕೆಟ್ ಇನ್ನೊಂದು ವಾರ ಹಾಗೇ ಇದ್ದರೆ ಏನೂ ಕೆಡುವುದಿಲ್ಲ.

ನಿಮ್ಮ ಬಿಯರ್ 1.012ರಿಂದ 1.014ರ ಹತ್ತಿರ ಇಳಿಯಬೇಕಿತ್ತು. ಮೊದಲು ಆ 1.024 ನಿಜವೇ ನೋಡಿ. ಗ್ಯಾಸಿನ ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿಕೊಂಡರೆ ಅದು ಮೇಲೇಳುತ್ತದೆ, ಲೆಕ್ಕ ಜಾಸ್ತಿ ತೋರಿಸುತ್ತದೆ. ಫಿಲ್ಟರ್ ಕಾಫಿ ಆರಿಸುವ ಹಾಗೆ ಸ್ಯಾಂಪಲ್ಲನ್ನು ಎರಡು ಲೋಟಗಳ ನಡುವೆ ಏಳೆಂಟು ಸಲ ಎತ್ತಿ ಹೊಯ್ಯಿರಿ, ನೊರೆ ಇಳಿದ ಮೇಲೆ ಅಳೆಯಿರಿ. ಆ ಸ್ಯಾಂಪಲ್ಲನ್ನು ಮಾತ್ರ ವಾಪಸ್ ಬಕೆಟ್ಟಿಗೆ ಸುರಿಯಬೇಡಿ.

ಆಗಲೂ 1.024 ಬಂತು ಅಂದುಕೊಳ್ಳಿ. ಈಗ ಮುಖ್ಯ ಪ್ರಶ್ನೆ: ಯೀಸ್ಟ್ ಸುಸ್ತಾಗಿ ಮಲಗಿದೆಯೇ, ಅಥವಾ ಅದು ತಿನ್ನಬಲ್ಲ ಸಕ್ಕರೆಯೇ ಮುಗಿದಿದೆಯೇ? ಎರಡಕ್ಕೂ ಮದ್ದು ಬೇರೆ. ಇದನ್ನು ತಿಳಿಯದೆ ಏನು ಹಾಕಿದರೂ ದಂಡ. ಒಂದು ಶುದ್ಧವಾದ ಬಾಟಲಿಗೆ ಕಾಲು ಲೀಟರ್ ಬಿಯರ್ ತೆಗೆದುಕೊಳ್ಳಿ, ಒಂದು ಚಮಚ ಹೊಸ ಯೀಸ್ಟ್ ಹಾಕಿ. ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿ, ಸುಮಾರು 25 ಡಿಗ್ರಿ ಇರುವ ಕಡೆ ಎರಡು ಮೂರು ದಿನ ಇಡಿ. ಆಗಾಗ ಅಲ್ಲಾಡಿಸಿ. ಆಮೇಲೆ ಅಳೆಯಿರಿ.

ಲೆಕ್ಕ 1.014ರ ಹತ್ತಿರ ಇಳಿದರೆ, ತಪ್ಪು ಯೀಸ್ಟಿನದ್ದೇ. ನನ್ನ ಅನುಮಾನ ನಿಮ್ಮ ಗ್ಯಾರೇಜಿನ ಮೇಲಿದೆ. ಚಳಿಗಾಲದಲ್ಲಿ ಅಲ್ಲಿ ದೋಸೆ ಹಿಟ್ಟೇ ಉಬ್ಬುವುದಿಲ್ಲ, ಅಲ್ವಾ? ಇಂಗ್ಲಿಷ್ ಯೀಸ್ಟ್‌ಗಳಲ್ಲಿ ಬಹಳಷ್ಟು ಸ್ವಲ್ಪ ತಂಪಾದರೂ ಬೇಗ ತಳ ಸೇರಿಬಿಡುತ್ತವೆ. ಬಕೆಟ್ಟನ್ನು ಮನೆಯೊಳಗೆ ತಂದು 20–21 ಡಿಗ್ರಿಯಲ್ಲಿಡಿ. ಮುಚ್ಚಳ ತೆಗೆಯದೆ, ತಳದ ಯೀಸ್ಟ್ ಮೇಲೇಳುವ ಹಾಗೆ ನಿಧಾನವಾಗಿ ತಿರುಗಿಸಿ. ಕುಲುಕಿ ಗಾಳಿ ಸೇರಿಸಬೇಡಿ, ಬಿಯರಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ನಾಲ್ಕೈದು ದಿನ ಕಾಯಿರಿ.

ಅಷ್ಟಕ್ಕೂ ಜಗ್ಗದಿದ್ದರೆ ಮಾತ್ರ ಹೊಸ ಯೀಸ್ಟ್. ಆದರೆ ಒಣ ಪ್ಯಾಕೆಟ್ ಸುಮ್ನೆ ಮೇಲೆ ಉದುರಿಸಿದರೆ ಹೆಚ್ಚಿನ ಸಲ ಕೆಲಸವಾಗುವುದಿಲ್ಲ. ಒಳಗೆ ಆಗಲೇ ಆಲ್ಕೋಹಾಲ್ ಇದೆ, ಸುಲಭದ ಸಕ್ಕರೆ ಇಲ್ಲ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಮಾಲ್ಟ್ ಪುಡಿ (ಡ್ರೈ ಮಾಲ್ಟ್ ಎಕ್ಸ್‌ಟ್ರಾಕ್ಟ್) ಹಾಕಿ ಕುದಿಸಿ, ಆರಿಸಿ, ಅದರಲ್ಲಿ ಯೀಸ್ಟನ್ನು ಎಬ್ಬಿಸಿ. ಮೇಲೆ ನೊರೆ ಕಟ್ಟಿ ಜೋರಾಗಿ ಹುದುಗುತ್ತಿರುವಾಗಲೇ ಬಕೆಟ್ಟಿಗೆ ಸೇರಿಸಿ.

ಪರೀಕ್ಷೆಯ ಬಾಟಲಿಯೂ 1.023ರಲ್ಲೇ ನಿಂತರೆ ಕಥೆ ಬೇರೆ. ಆಗ ಮಾಲ್ಟ್ ನೆನೆಸಿದ ದಿನವೇ ತಪ್ಪಾಗಿದೆ. ಮೊಳಕೆ ಕಟ್ಟಿದ ರಾಗಿ ಹಿಟ್ಟಿನ ಗಂಜಿ ತಾನಾಗಿಯೇ ಸ್ವಲ್ಪ ಸಿಹಿಯಾಗುತ್ತದಲ್ಲ, ಅದೇ ಕೆಲಸ ಇಲ್ಲಿ ಬಾರ್ಲಿಯಲ್ಲಿ ನಡೆಯುತ್ತದೆ. ಮೊಳಕೆಯ ಕಿಣ್ವಗಳು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತವೆ. 65 ಡಿಗ್ರಿಯ ಆಸುಪಾಸಿನಲ್ಲಿ ಯೀಸ್ಟ್ ತಿನ್ನುವಂಥ ಸಣ್ಣ ಸಕ್ಕರೆ ಜಾಸ್ತಿ ಬರುತ್ತದೆ. 70 ದಾಟಿದರೆ ಅದನ್ನು ಮಾಡುವ ಕಿಣ್ವ ಬೇಗ ಸಾಯುತ್ತದೆ, ಯೀಸ್ಟಿಗೆ ದಕ್ಕದ ದೊಡ್ಡ ತುಂಡುಗಳು ಉಳಿಯುತ್ತವೆ. ನಾನೇ ಎರಡು ಸಲ ಹೀಗೆ ಕೆಡಿಸಿಕೊಂಡೆ. ಯೀಸ್ಟಿನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಕೊನೆಗೆ ಥರ್ಮಾಮೀಟರನ್ನು ಕರಗುತ್ತಿರುವ ಐಸಿನ ನೀರಿಗೆ ಇಳಿಸಿ ನೋಡಿದರೆ, ಸೊನ್ನೆಯ ಬದಲು ಮೈನಸ್ 4! ನಾನು 67 ಅಂದುಕೊಂಡಿದ್ದು ನಿಜವಾಗಿ 71 ಆಗಿತ್ತು. ನೀವೂ ಇವತ್ತೇ ನೋಡಿ.

ಈ ಬಿಯರನ್ನು ಉಳಿಸಲು ನನಗೆ ಇಷ್ಟವಾದ ದಾರಿ ಹಾಪ್ಸ್, ಅಂದರೆ ಬಿಯರಿಗೆ ಕಹಿ ಕೊಡುವ ಹೂವು. ಒಂದು ಲೀಟರ್ ನೀರಲ್ಲಿ 15 ಗ್ರಾಂ ಕಹಿ ಹಾಪ್ಸ್ ಅರ್ಧ ಗಂಟೆ ಕುದಿಸಿ, ಸೋಸಿ, ಆರಿಸಿ. ಮೊದಲು ಒಂದು ಲೋಟ ಬಿಯರಿಗೆ ಚಮಚ ಚಮಚವಾಗಿ ಬೆರೆಸಿ ರುಚಿ ನೋಡಿ, ಹದ ಸಿಕ್ಕ ಮೇಲೆ ಬಕೆಟ್ಟಿಗೆ ಅದೇ ಲೆಕ್ಕದಲ್ಲಿ ಹಾಕಿ. ಸಿಹಿ ಹೋಗುವುದಿಲ್ಲ, ಆದರೆ ಕಹಿ ಎದುರು ನಿಂತಾಗ ನಾಲಿಗೆಗೆ ಅಷ್ಟು ಕಾಣುವುದಿಲ್ಲ. ಅಂಗಡಿಯಲ್ಲಿ ಗ್ಲೂಕೋಅಮೈಲೇಸ್ ಕಿಣ್ವವೂ ಸಿಗುತ್ತದೆ. ಅದು ಉಳಿದ ತುಂಡುಗಳನ್ನೂ ಕತ್ತರಿಸುತ್ತದೆ, ಆದರೆ ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಿಲ್ಲ. ನಿಮ್ಮ ಬಿಟರ್ ನೀರುನೀರಾದೀತು. ನಾನಾದರೆ ಹಾಕುವುದಿಲ್ಲ.

ಇದನ್ನು ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು: ಬ್ರಿಟನ್ನಿನಲ್ಲಿ 1963ರಿಂದ ಸ್ವಂತಕ್ಕೆ ಬಿಯರ್ ಮಾಡಲು ಲೈಸೆನ್ಸ್ ಬೇಕಿಲ್ಲ. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ.

ಮೂರು ದಿನ ಬಿಟ್ಟು ಮೂರು ದಿನಕ್ಕೆ ಅಳೆದಾಗಲೂ ಅದೇ ಲೆಕ್ಕ ಬಂದರೆ ತುಂಬಿ. ಬಾಟಲಿಯಲ್ಲಿ ಗ್ಯಾಸ್ ಹುಟ್ಟಲು ಲೀಟರಿಗೆ 5 ಗ್ರಾಂ ಸಕ್ಕರೆ ಸಾಕು. ಒಂದನ್ನು ಸೋಡಾದ ಪ್ಲಾಸ್ಟಿಕ್ ಬಾಟಲಿಗೂ ತುಂಬಿಡಿ, ದಿನಾ ಒತ್ತಿ ನೋಡಿ. ಅದು ಕಲ್ಲಿನ ಹಾಗೆ ಗಟ್ಟಿಯಾದ ದಿನ ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸಿ.