ಕಮಾನು ಬೇಡ, ಕಾಗದ ಬೇಕು

ಚನ್ನಪಟ್ಟಣದ ಓದುಗರೊಬ್ಬರು ಬರೆದಿದ್ದಾರೆ: ‘ಮಗಳ ಮನೆಗೆಂದು ಅಮೆರಿಕದ ಬಾಲ್ಟಿಮೋರ್‌ಗೆ ಹೋಗಿ ಆರು ತಿಂಗಳು ಇದ್ದು ಬಂದೆ. ಅಲ್ಲಿ ರೈಲ್ವೆ ಸ್ಟೇಷನ್ ಹತ್ತಿರದ ಬೀದಿಗಳನ್ನೇ ಸರ್ಕಾರ ಕಲಾ ವಲಯ ಎಂದು ಘೋಷಿಸಿದೆ. ಗೋಡೆ ತುಂಬಾ ಚಿತ್ರಗಳು. ತಲೆತಲಾಂತರದಿಂದ ಬೊಂಬೆ ಮಾಡುವ ನಮ್ಮೂರಿಗೆ ಯಾಕೆ ಆ ಮರ್ಯಾದೆ ಇಲ್ಲ? ಊರ ಬಾಗಿಲಿಗೆ ಒಂದು ದೊಡ್ಡ ಕಮಾನು ಕಟ್ಟಿಸಿ, ವರ್ಷಕ್ಕಿಷ್ಟು ಅಂತ ಅನುದಾನ ಕೊಡಲಿ. ನಿಮ್ಮ ಪತ್ರಿಕೆ ಈ ಬೇಡಿಕೆಯನ್ನು ಎತ್ತಿಕೊಳ್ಳಬೇಕು.’

ಸಂಪಾದಕರ ಉತ್ತರ:

ನಮಸ್ಕಾರ. ಖಂಡಿತ ಎತ್ತಿಕೊಳ್ಳುತ್ತೇವೆ, ಕಮಾನೊಂದನ್ನು ಬಿಟ್ಟು.

ನೀವು ನೋಡಿದ್ದು ಸ್ಟೇಷನ್ ನಾರ್ತ್ ಇರಬೇಕು. ಬಾಲ್ಟಿಮೋರ್ ಇರುವುದು ಮೇರಿಲ್ಯಾಂಡ್ ರಾಜ್ಯದಲ್ಲಿ. ಆ ರಾಜ್ಯ 2001ರಲ್ಲಿ ಕಲಾ ವಲಯಗಳಿಗೆಂದೇ ಒಂದು ಕಾನೂನು ಮಾಡಿತು. ಮರುವರ್ಷವೇ ಸ್ಟೇಷನ್ ನಾರ್ತ್‌ಗೆ ಮಾನ್ಯತೆ ಸಿಕ್ಕಿತು. ನಿಮಗೆ ಕಂಡಿದ್ದು ಗೋಡೆಯ ಚಿತ್ರಗಳು. ಕಾಣದೇ ಇದ್ದದ್ದು ಆ ಕಾನೂನಿನ ಒಳಗಿನ ಸಾಲುಗಳು. ವಲಯದ ಒಳಗೆ ಕಲಾಕೃತಿ ಮಾಡಿ ಅಲ್ಲೇ ಮಾರುವವರಿಗೆ ಆ ದುಡ್ಡಿನ ಮೇಲೆ ರಾಜ್ಯದ ಆದಾಯ ತೆರಿಗೆಯಲ್ಲಿ ವಿನಾಯಿತಿ. ಹಳೆಯ ಕಟ್ಟಡವನ್ನು ರಿಪೇರಿ ಮಾಡಿ ಕಲೆಗೆ ಬಳಸಿದರೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ. ನಾಟಕ, ಸಂಗೀತದ ಟಿಕೆಟ್ ಮೇಲಿನ ಮನರಂಜನಾ ತೆರಿಗೆಯಲ್ಲೂ ವಿನಾಯಿತಿ. ಜೊತೆಗೆ ಮಾನ್ಯತೆಯ ಆಯಸ್ಸು ಹತ್ತೇ ವರ್ಷ. ಆಮೇಲೆ ಏನು ಮಾಡಿದಿರಿ ಅಂತ ತೋರಿಸಿ ಮತ್ತೆ ಅರ್ಜಿ ಹಾಕಬೇಕು. ನನಗೆ ಬಹಳ ಹಿಡಿಸಿದ್ದು ಇದೇ. ನಮ್ಮಲ್ಲಿ ಒಮ್ಮೆ ಶಂಕುಸ್ಥಾಪನೆ ಆಯಿತೆಂದರೆ ಆ ಕಲ್ಲನ್ನು ತಿರುಗಿ ನೋಡುವವರೇ ಇರುವುದಿಲ್ಲ, ಅಲ್ವಾ?

ಹಾಗಂತ ಅದನ್ನೇ ಎತ್ತಿ ತಂದು ಇಲ್ಲಿ ಇಟ್ಟರೆ ಕೂರುವುದಿಲ್ಲ. ನಿಮ್ಮೂರಲ್ಲಿ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಮುಂದೆ ಕೂತು ದಿನವಿಡೀ ಬೊಂಬೆ ಕಡೆಯುವವರಲ್ಲಿ ಆದಾಯ ತೆರಿಗೆ ಕಟ್ಟುವಷ್ಟು ಸಂಪಾದನೆ ಎಷ್ಟು ಜನಕ್ಕಿದೆ? ಬೀದಿಗೆ ಹೆಸರು ಬಂದರೆ ಬಾಡಿಗೆಯೂ ಏರುತ್ತದೆ. ಆ ಭಯ ಬಾಲ್ಟಿಮೋರಿನಲ್ಲೂ ಇತ್ತು. ಕಲಾವಿದರಿಗೆಂದು ಕಡಿಮೆ ಬಾಡಿಗೆಯ ಮನೆಗಳನ್ನೂ ಅಲ್ಲಿ ಕಟ್ಟಬೇಕಾಯಿತು.

ನಿಜ ಹೇಳಬೇಕೆಂದರೆ, ನಿಮ್ಮೂರಿಗೆ ಕಲಾ ವಲಯ ಹೊಸದೇನೂ ಅಲ್ಲ. ಕುಶಲಕರ್ಮಿಗಳ ಬಡಾವಣೆ ಕಲಾನಗರ ಇದೆಯಲ್ಲ! ನೆದರ್‌ಲ್ಯಾಂಡ್ಸ್ ಸರ್ಕಾರದ ನೆರವು ಬಂತು, ನಮ್ಮ ರಾಜ್ಯ ಸರ್ಕಾರದ ‘ವಿಶ್ವ’ ಯೋಜನೆಯ ನೆರವೂ ಬಂತು, ಸಾಲುಸಾಲು ಲೇತ್ ಇರುವ ಕರಕುಶಲ ಸಂಕೀರ್ಣವೂ ಆಯಿತು. ಅನುದಾನವೇ ಬಂದಿಲ್ಲ ಅನ್ನುವ ಹಾಗಿಲ್ಲ. ಆದರೆ ಬಂದ ದುಡ್ಡು ಕಟ್ಟಡವಾಗಿ ಒಮ್ಮೆ ನಿಂತುಬಿಡುತ್ತದೆ. ಬೊಂಬೆಗೆ ಬೇಕಾದ ಆಲೆ ಮರ, ಅರಗು, ಬಣ್ಣ ಇವು ಪ್ರತಿ ತಿಂಗಳ ಖರ್ಚು. ಕಟ್ಟಡ ಕಟ್ಟಿದವರು ಆ ತಿಂಗಳ ಲೆಕ್ಕ ಕೇಳಲು ಬರುವುದಿಲ್ಲ.

ಇನ್ನು ಮಾನ್ಯತೆಯ ಮಾತು. ಅದೂ ಸಿಕ್ಕಿದೆ. 2005-06ರಲ್ಲೇ ಚನ್ನಪಟ್ಟಣದ ಬೊಂಬೆಗೆ ಜಿಐ ಟ್ಯಾಗ್ ಬಂತು, ಅಂದರೆ ಈ ವಸ್ತು ಈ ಊರಿನದೇ ಎಂದು ಕಾನೂನು ಕೊಡುವ ಭೌಗೋಳಿಕ ಗುರುತು. ಈ ಟ್ಯಾಗಿನಲ್ಲಿ ಒಂದು ಸಂಗತಿ ಇದೆ, ಸುಮಾರು ಜನಕ್ಕೆ ಗೊತ್ತಿರುವುದಿಲ್ಲ. ಜಿಐ ಊರಿಗೆ ಬಂದ ಮಾತ್ರಕ್ಕೆ ಕುಶಲಕರ್ಮಿಯ ಹೆಸರಿಗೆ ಬಂದಂತಲ್ಲ. ಪ್ರತಿಯೊಬ್ಬರೂ ‘ಅಧಿಕೃತ ಬಳಕೆದಾರ’ ಎಂದು ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಅದರ ಅರ್ಜಿ ಶುಲ್ಕ ಮೊದಲು 500 ರೂಪಾಯಿ ಇತ್ತು. 2020ರಲ್ಲಿ 10 ರೂಪಾಯಿಗೆ ಇಳಿಸಿದರು. ಒಂದು ಕಾಫಿಯ ಕಾಸು.

ಆ ನೋಂದಣಿಯಿಂದ ಏನು ಲಾಭ ಅಂತ ಕೇಳುತ್ತೀರಿ. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಅದಕ್ಕೆ ಲ್ಯಾಬ್ ಪರೀಕ್ಷೆ, ಲೈಸೆನ್ಸು, ಫೀಸು. ದೊಡ್ಡ ಕಾರ್ಖಾನೆಗೆ ಅದು ಲೆಕ್ಕಕ್ಕಿಲ್ಲ. ಹಿಂದಿನ ಕೋಣೆಯಲ್ಲಿ ಒಂದೇ ಲೇತ್ ಇಟ್ಟುಕೊಂಡವರು ಅಂಗಡಿ ಮುಚ್ಚಬೇಕಾಗುತ್ತಿತ್ತು. ಆಗ ಕೇಂದ್ರ ಸರ್ಕಾರ ಎರಡು ಗುಂಪಿನವರಿಗೆ ವಿನಾಯಿತಿ ಕೊಟ್ಟಿತು. ಒಂದು, ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ. ಇನ್ನೊಂದು, ಆಟಿಕೆಯ ಜಿಐ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಆ ಸಂಸ್ಥೆ ಮತ್ತು ಅಧಿಕೃತ ಬಳಕೆದಾರರಿಗೆ. ನೋಡಿ, ಇಲ್ಲಿ ಒಂದು ಚೂರು ಕಾಗದ ಹೊಟ್ಟೆಪಾಡು ಉಳಿಸಿತು. ನಾನು ಕೇಳುತ್ತಿರುವ ಮಾನ್ಯತೆ ಈ ಥರದ್ದು. ಕಾನೂನಿನಲ್ಲಿ ಬರೆದಿರಬೇಕು, ಮಾಡುವವರ ಹೆಸರಿನಲ್ಲೇ ಇರಬೇಕು.

ಕುಶಲಕರ್ಮಿಗಳಿಗೆಂದೇ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯೂ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು. ಅದರ 18 ಕಸುಬುಗಳಲ್ಲಿ ಬೊಂಬೆ ಮಾಡುವುದೂ ಒಂದು. ಉಪಕರಣಕ್ಕೆ 15,000 ರೂಪಾಯಿ, 5% ಬಡ್ಡಿಗೆ ಮೊದಲು ಒಂದು ಲಕ್ಷ, ಅದು ತೀರಿದ ಮೇಲೆ ಎರಡು ಲಕ್ಷ ಸಾಲ. ಅದನ್ನು ಅಕ್ಕಪಕ್ಕದವರಿಗೆ ಹೇಳಿ.

ಕಮಾನು ಬೇಡ ಅಂದದ್ದಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ನೋಡುವವರು ಯಾರು ಸ್ವಾಮಿ? 2023ರ ಮಾರ್ಚ್‌ನಲ್ಲಿ 118 ಕಿಲೋಮೀಟರಿನ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಕಾರುಗಳೆಲ್ಲ ಬೈಪಾಸ್ ಹಿಡಿದವು. ಮೊದಲು ಮದ್ದೂರು ವಡೆಗೆ ಒಂದು ಸಲ, ಬೊಂಬೆಗೆ ಒಂದು ಸಲ ಕಾರು ನಿಲ್ಲುತ್ತಿತ್ತು. ಮಕ್ಕಳು ಹಟ ಮಾಡಿದರೆ ಅಪ್ಪಂದಿರ ಜೇಬು ಖಾಲಿ. ಹಳೆ ರಸ್ತೆಯ ಬೊಂಬೆ ಅಂಗಡಿಗಳು ಬದುಕಿದ್ದೇ ಆ ಹಟದ ಮೇಲೆ. ನನ್ನನ್ನೂ ಸೇರಿಸಿಕೊಳ್ಳಿ. ರಸ್ತೆ ಆದಮೇಲೆ ಎಷ್ಟೋ ಸಲ ಮೈಸೂರಿಗೆ ಹೋಗಿದ್ದೇನೆ, ಒಂದು ಸಲವೂ ಒಳಗೆ ತಿರುಗಿಲ್ಲ. ಕಮಾನು ಕಟ್ಟುವ ದುಡ್ಡಲ್ಲಿ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲೇ ಒಂದು ಮಾರಾಟದ ಜಾಗ ಕೇಳೋಣ. ಅಲ್ಲಿನ ಅಂಗಡಿಗಳು ಅಧಿಕೃತ ಬಳಕೆದಾರರಿಗೆ ಮಾತ್ರ ಸಿಗಬೇಕು. ಹೊರಗಿನಿಂದ ಪ್ಲಾಸ್ಟಿಕ್ ತಂದು ‘ಚನ್ನಪಟ್ಟಣ’ ಅಂತ ಮಾರುವವರಿಗಲ್ಲ.

ಈಗ ನಿಮಗೊಂದು ಕೆಲಸ. ನಿಮ್ಮ ಬೀದಿಯಲ್ಲಿ ಬೊಂಬೆ ಕಡೆಯುವವರು, ಬಣ್ಣ ಹಾಕುವವರು ಎಷ್ಟು ಜನ ಇದ್ದಾರೆ, ಅವರಲ್ಲಿ ಎಷ್ಟು ಜನರ ಹತ್ತಿರ ಆಯುಕ್ತರ ಕಚೇರಿಯ ಕುಶಲಕರ್ಮಿ ಕಾರ್ಡ್ ಇದೆ, ಎಷ್ಟು ಜನ ಜಿಐ ಬಳಕೆದಾರರಾಗಿ ನೋಂದಾಯಿಸಿದ್ದಾರೆ, ಸುಮ್ನೆ ಒಂದು ಸುತ್ತು ಹಾಕಿ ಕೇಳಿ ಬನ್ನಿ. ಹೆಂಗಸರನ್ನು ಮರೆಯಬೇಡಿ. ಬಣ್ಣದ ಕೆಲಸ ಜಾಸ್ತಿ ಅವರದೇ ಇದ್ದರೂ ಕಾರ್ಡ್ ಗಂಡನ ಹೆಸರಲ್ಲಿ ಇರಬಹುದು. ಹೆಸರುಗಳು ಬೇಡ, ಬರೀ ಲೆಕ್ಕ ಸಾಕು. ಬರುವ ತಿಂಗಳ 10ರೊಳಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲೇ ಹಾಕುತ್ತೇವೆ.