ಓದುಗರ ಪ್ರಶ್ನೆ: ಕಾಗೋಡಿನ ಸಮಾಜವಾದಿಗಳ ಪಕ್ಷ ಏನಾಯಿತು?

ಪ್ರಶ್ನೆ: ನಮ್ಮ ಕಡೆಯ ಹಿರಿಯರು ಸಮಾಜವಾದಿಗಳ ಮಾತು ಬಂದಾಗ ಒಮ್ಮೆ ಪ್ರಜಾ ಸೋಷಲಿಸ್ಟ್ ಪಕ್ಷ ಎನ್ನುತ್ತಾರೆ, ಇನ್ನೊಮ್ಮೆ ಸಂಯುಕ್ತ ಸೋಷಲಿಸ್ಟ್ ಪಕ್ಷ ಎನ್ನುತ್ತಾರೆ. ಇವೆರಡೂ ಒಂದೇ ಪಕ್ಷವೇ? ಕಾಗೋಡು ಸತ್ಯಾಗ್ರಹವನ್ನು ನಡೆಸಿದ್ದು ಯಾವ ಪಕ್ಷ?

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಕಾಗೋಡು ಸತ್ಯಾಗ್ರಹವನ್ನು ಆರಂಭಿಸಿದ್ದು ಪಕ್ಷವಲ್ಲ, ಗೇಣಿದಾರರು, ಅಂದರೆ ಭೂಮಾಲೀಕರಿಗೆ ಫಸಲಿನ ಪಾಲು ಕೊಟ್ಟು ಅವರ ಭೂಮಿಯನ್ನು ಉಳುತ್ತಿದ್ದ ರೈತರು. ಸಾಗರ ತಾಲ್ಲೂಕಿನ ಈ ಹಳ್ಳಿಯಲ್ಲಿ ಗೇಣಿ ಭತ್ತವನ್ನು ಅಳೆದುಕೊಳ್ಳಲು ಭೂಮಾಲೀಕರು ಬಳಸುತ್ತಿದ್ದ ಕೊಳಗ ನಿಗದಿತ ಅಳತೆಗಿಂತ ದೊಡ್ಡದಾಗಿತ್ತು. ಇದನ್ನು ಪ್ರಶ್ನಿಸಿದ ದೀವರ ಸಮುದಾಯದ ರೈತರನ್ನು ಎಚ್. ಗಣಪತಿಯಪ್ಪನವರು ರೈತ ಸಂಘದಲ್ಲಿ ಒಗ್ಗೂಡಿಸಿದ್ದರು. 1951ರ ಏಪ್ರಿಲ್‌ನಲ್ಲಿ ರೈತರು ನೇಗಿಲು ಹಿಡಿದು ಗದ್ದೆಗೆ ಇಳಿದು ಬಂಧನಕ್ಕೆ ಒಳಗಾಗತೊಡಗಿದ ಮೇಲೆ, ಶಾಂತವೇರಿ ಗೋಪಾಲಗೌಡರ ಮುಂದಾಳತ್ವದಲ್ಲಿ ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು. ಜೂನ್‌ನಲ್ಲಿ ಪಕ್ಷದ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಸಾಗರದಲ್ಲಿ ಬಂಧಿತರಾದಾಗ ಕಾಗೋಡಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಈ ಅನುಕ್ರಮವನ್ನು ಮರೆತು ಎಲ್ಲ ಶ್ರೇಯಸ್ಸನ್ನೂ ನಾಯಕರಿಗೇ ಕೊಡುವುದು ಆ ರೈತರಿಗೆ ಮಾಡುವ ಅನ್ಯಾಯವೆಂದು ನಾನು ತಿಳಿಯುತ್ತೇನೆ.

1952ರ ಚುನಾವಣೆಯ ಫಲಿತಾಂಶವನ್ನೂ ಇಲ್ಲಿ ಹೇಳಬೇಕು. ಮೂವತ್ತು ವರ್ಷವೂ ತುಂಬದ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. ಅದೇ ಚುನಾವಣೆಯಲ್ಲಿ ಕಾಗೋಡಿನ ಭೂಮಾಲೀಕರಾದ ಕೆ.ಜಿ. ಒಡೆಯರ್ ಕಾಂಗ್ರೆಸ್ಸಿನಿಂದ ಶಿವಮೊಗ್ಗ ಲೋಕಸಭಾ ಸದಸ್ಯರಾದರು. ಹೋರಾಟದ ಎರಡೂ ಕಡೆಯವರು ಏಕಕಾಲಕ್ಕೆ ಗೆದ್ದಿದ್ದರು.

ಇನ್ನು ಹೆಸರುಗಳ ವಿಷಯ. ಎರಡೂ ಪಕ್ಷಗಳು ಒಂದೇ ಬೇರಿನ ಕವಲುಗಳು. 1934ರಲ್ಲಿ ಕಾಂಗ್ರೆಸ್ಸಿನ ಒಳಗೇ ಹುಟ್ಟಿದ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷವು 1948ರಲ್ಲಿ ನಾಸಿಕ್‌ನಲ್ಲಿ ತೀರ್ಮಾನಿಸಿ ಹೊರಬಂದು ಸಮಾಜವಾದಿ ಪಕ್ಷವಾಯಿತು. 1952ರಲ್ಲಿ ಅದಕ್ಕೆ ದಕ್ಕಿದ್ದು ಲೋಕಸಭೆಯ 12 ಸ್ಥಾನಗಳು ಮಾತ್ರ. ಆ ನಿರಾಸೆಯಲ್ಲಿ ಅದೇ ವರ್ಷ ಆಚಾರ್ಯ ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದೊಡನೆ ಕೂಡಿಕೊಂಡಾಗ ಪ್ರಜಾ ಸೋಷಲಿಸ್ಟ್ ಪಕ್ಷ ಎಂಬ ಹೆಸರು ಬಂತು. ಆದರೆ 1954ರಲ್ಲಿ ತಿರುವಾಂಕೂರು-ಕೊಚ್ಚಿ ರಾಜ್ಯದ (ಇಂದಿನ ಕೇರಳದ ಭಾಗ) ಪಟ್ಟಂ ತಾಣು ಪಿಳ್ಳೆಯವರ ಸರ್ಕಾರ, ಅಂದರೆ ಪಕ್ಷದ ಸ್ವಂತ ಸರ್ಕಾರವೇ, ಚಳವಳಿಗಾರರ ಮೇಲೆ ಗೋಲಿಬಾರು ಮಾಡಿತು. ಸರ್ಕಾರ ರಾಜೀನಾಮೆ ನೀಡಬೇಕೆಂದು ಲೋಹಿಯಾ ಪಟ್ಟು ಹಿಡಿದರು. ಅದರ ಜೊತೆಗೆ, ಕಾಂಗ್ರೆಸ್ಸಿನೊಡನೆ ಸಹಕರಿಸಬೇಕೇ ವಿರೋಧಿಸಬೇಕೇ ಎಂಬ ಹಳೆಯ ಜಗಳವೂ ಬೆಳೆದು ಪಕ್ಷ ಒಡೆಯಿತು. ಲೋಹಿಯಾ ಬೇರೆ ಸಮಾಜವಾದಿ ಪಕ್ಷ ಕಟ್ಟಿದರು, ಗೋಪಾಲಗೌಡರು ಅವರೊಡನೆ ಹೋದರು. 1964ರಲ್ಲಿ ಎರಡೂ ಸೇರಿದಾಗ ಹುಟ್ಟಿದ್ದೇ ಸಂಯುಕ್ತ ಸೋಷಲಿಸ್ಟ್ ಪಕ್ಷ. ಮರುವರ್ಷವೇ ಒಂದು ಗುಂಪು ಹೊರನಡೆದು ಪ್ರಜಾ ಸೋಷಲಿಸ್ಟ್ ಹೆಸರನ್ನು ಮತ್ತೆ ಎತ್ತಿಕೊಂಡಿತು. ಹಿರಿಯರು ಎರಡು ಹೆಸರು ಹೇಳುವುದು ಮರೆವಿನಿಂದಲ್ಲ.

ಪ್ರಶ್ನೆ: ಜನಬೆಂಬಲವಿದ್ದೂ ಈ ಪಕ್ಷ ಕರ್ನಾಟಕದಲ್ಲಿ ಏಕೆ ಉಳಿಯಲಿಲ್ಲ?

ಉತ್ತರ: ಬೆಂಬಲವಿತ್ತು, ಆದರೆ ಅದು ಹಂಚಿಹೋಗಿತ್ತು. 1962ರಲ್ಲಿ ಮೈಸೂರು ವಿಧಾನಸಭೆಯಲ್ಲಿ ಪ್ರಜಾ ಸೋಷಲಿಸ್ಟರು 20 ಮಂದಿಯಿದ್ದರೆ, ಲೋಹಿಯಾ ಅವರ ಪಕ್ಷದಿಂದ ಗೆದ್ದು ಬಂದವರು ತೀರ್ಥಹಳ್ಳಿಯ ಗೋಪಾಲಗೌಡರೊಬ್ಬರೇ. 1967ರಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಶಿವಮೊಗ್ಗ ಲೋಕಸಭಾ ಕ್ಷೇತ್ರವನ್ನು ಗೆದ್ದ ಜೆ.ಎಚ್. ಪಟೇಲರು ಸಂಸತ್ತಿನಲ್ಲಿ ಕನ್ನಡದಲ್ಲೇ ಮಾತನಾಡಿದರು, ಸೊರಬದಿಂದ ಎಸ್. ಬಂಗಾರಪ್ಪ ವಿಧಾನಸಭೆಗೆ ಬಂದರು. ಇಂಥವರಿದ್ದೂ ಒಡಕು ಮಾತ್ರ ನಿಲ್ಲಲಿಲ್ಲ.

ಒಡಕಿಗಿಂತ ದೊಡ್ಡ ಕಾರಣವೊಂದಿದೆ ಎಂಬುದು ನನ್ನ ಅಭಿಪ್ರಾಯ. ಮಲೆನಾಡಿನಲ್ಲಿ ಈ ಪಕ್ಷಕ್ಕೆ ಬೇರು ಕೊಟ್ಟದ್ದು ಗೇಣಿಯ ಪ್ರಶ್ನೆ, ಮತ್ತು ಆ ಪ್ರಶ್ನೆಗೆ ಕಾನೂನಿನ ಉತ್ತರ ಕೊಟ್ಟದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. 1961ರ ಭೂಸುಧಾರಣಾ ಕಾಯ್ದೆಯಲ್ಲಿ ಭೂಮಾಲೀಕರಿಗೆ ಉಳಿದಿದ್ದ ಸಂದುಗಳನ್ನು 1974ರ ತಿದ್ದುಪಡಿ ಬಹುಮಟ್ಟಿಗೆ ಮುಚ್ಚಿತು. ಗೇಣಿದಾರರು ಭೂನ್ಯಾಯಮಂಡಳಿಗೆ ಅರ್ಜಿ ಕೊಟ್ಟು ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ಅರಸರ ಆ ಕೆಲಸವನ್ನು ಕಡಿಮೆ ಮಾಡಿ ಹೇಳುವ ಇಚ್ಛೆ ನನಗಿಲ್ಲ. ಆದರೆ ಇಪ್ಪತ್ತು ವರ್ಷಗಳ ಕಾಲ, ಬೆರಳೆಣಿಕೆಯ ಸದಸ್ಯರನ್ನು ಇಟ್ಟುಕೊಂಡು, ಉಳುವವನೇ ಹೊಲದೊಡೆಯನಾಗಬೇಕು ಎಂಬ ಮಾತನ್ನು ಸದನದಲ್ಲೂ ಬೀದಿಯಲ್ಲೂ ಆರದಂತೆ ಕಾಪಾಡಿದವರು ಸಮಾಜವಾದಿಗಳು. ಗೋಪಾಲಗೌಡರು ಆ ತಿದ್ದುಪಡಿಯನ್ನು ನೋಡಲಿಲ್ಲ. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ, ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿಡಬೇಕೆಂದು ವಾದಿಸಿದ್ದ ಅವರಿಗೆ 1973ರ ನವೆಂಬರ್ 1ನ್ನು ಕಾಣುವ ಭಾಗ್ಯವೂ ಇರಲಿಲ್ಲ.

1972ರ ವಿಧಾನಸಭಾ ಚುನಾವಣೆಯಲ್ಲಿ ಸಮಾಜವಾದಿಗಳಿಗೆ ಉಳಿದದ್ದು 3 ಸ್ಥಾನಗಳು. ಸಾಗರದಿಂದ ಗೆದ್ದ ಕಾಗೋಡು ತಿಮ್ಮಪ್ಪ ಅವರಲ್ಲೊಬ್ಬರು. 1977ರಲ್ಲಿ ಸಮಾಜವಾದಿ ಪಕ್ಷ ಜನತಾ ಪಕ್ಷದಲ್ಲಿ ವಿಲೀನವಾಯಿತು. ಬಂಗಾರಪ್ಪನವರು ಮುಂದೆ ಕಾಂಗ್ರೆಸ್ಸಿನಿಂದ, ಪಟೇಲರು ಜನತಾದಳದಿಂದ ಮುಖ್ಯಮಂತ್ರಿಗಳಾದರು; ತಿಮ್ಮಪ್ಪನವರು ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ವಿಧಾನಸಭೆಯ ಸಭಾಧ್ಯಕ್ಷರಾಗಿ, ಆಮೇಲೆ ಕಂದಾಯ ಸಚಿವರಾಗಿ, ಅದೇ ಭೂಮಿಯ ಕಡತಗಳ ಮುಂದೆ ಕುಳಿತರು.